ಬ್ಯಾಟರಿಗಿಂತ ಮೊದಲು ಗಾಡಿ ಸಲೀಸಾಗಿ ಉರುಳಲಿ: ಹಳೆ ಪೆಟ್ರೋಲ್ ಕಾರನ್ನು ಎಲೆಕ್ಟ್ರಿಕ್ ಮಾಡಿದ ನನ್ನ ಅನುಭವ

10 ಯೂನಿಟ್ (ಒಂದು ಯೂನಿಟ್ ಅಂದರೆ 1000 ವ್ಯಾಟ್ ಅವರ್) ಬ್ಯಾಟರಿಯಲ್ಲಿ ನೂರು ಕಿಲೋಮೀಟರ್ ಓಡಿಸುತ್ತೇನೆ ಎಂದಾಗ ಈ ಕೆಲಸ ಬಲ್ಲವರೇ ನಂಬಲಿಲ್ಲ. ಕಮ್ಮಿ ಅಂದರೂ 20 ಯೂನಿಟ್ ಹಾಕು, ಇಲ್ಲದಿದ್ದರೆ ದಾರಿಯಲ್ಲೇ ನಿಲ್ಲುತ್ತದೆ ಎಂಬುದೇ ಎಲ್ಲರ ಮಾತು. ಈಗ ಗಂಟೆಗೆ 50–60ರ ವೇಗದಲ್ಲಿ ಅದೇ 10 ಯೂನಿಟ್ಟಿಗೆ ನೂರರ ಆಸುಪಾಸು ಬರುತ್ತಿದೆ. ಕಿಲೋಮೀಟರಿಗೆ 110 ವ್ಯಾಟ್ ಅವರ್ ತಿನ್ನುತ್ತಿದ್ದ ಗಾಡಿ 85ಕ್ಕೆ ಇಳಿದಿದೆ. ಲೀಟರಿಗೆ 18 ಕೊಡುವ ಪೆಟ್ರೋಲ್ ಕಾರು ಕಿಲೋಮೀಟರಿಗೆ ಹೆಚ್ಚುಕಮ್ಮಿ 500 ವ್ಯಾಟ್ ಅವರಿನಷ್ಟು ಇಂಧನ ಸುಡುತ್ತದೆ ಎಂಬುದು ನೆನಪಿರಲಿ.

ಮೊದಲ ಸಲ ದುಡ್ಡು ಉಳಿಸಲು ಹೋಗಿ ಲೆಡ್ ಆ್ಯಸಿಡ್ ಹಾಕಿದ್ದೆ. 12 ವೋಲ್ಟಿನ 100 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಎಂಟು. ತೂಕವೇ 240 ಕೆಜಿ. ಲೆಕ್ಕದಲ್ಲಿ 9.6 ಯೂನಿಟ್, ಆದರೆ ಮೋಟಾರು ಎಳೆಯುವ ಕರೆಂಟಿಗೆ ಸಿಗುತ್ತಿದ್ದುದು ಅದರ ಅರ್ಧ. 45 ಕಿ.ಮೀ.ಗೇ ಉಸಿರು ಕಟ್ಟುತ್ತಿತ್ತು. ಪೂರ್ತಿ ಖಾಲಿ ಮಾಡಿದಷ್ಟೂ ಪ್ಲೇಟು ಹಾಳಾಗಿ, ವರ್ಷ ತುಂಬುವುದರೊಳಗೆ ಇಡೀ ಸೆಟ್ ಗುಜರಿಗೆ ಹೋಯಿತು. ಲಿಥಿಯಂ ಪ್ಯಾಕಿನ ಮೂರನೇ ಒಂದು ಪಾಲು ದುಡ್ಡು ಹಾಗೇ ನೀರುಪಾಲು.

ಎರಡನೇ ಸಲ ಬ್ಯಾಟರಿಗೆ ಕೈ ಹಾಕುವ ಮೊದಲು ಗಾಡಿ ಉರುಳುವುದನ್ನು ಅಳೆದೆ. 10–15 ಕಿ.ಮೀ. ಓಡಿಸಿ ಟೈರ್ ಬಿಸಿ ಮಾಡಿ, ಗಾಳಿಯಿಲ್ಲದ ಹೊತ್ತಿನಲ್ಲಿ ಸಮತಟ್ಟು ರಸ್ತೆಯಲ್ಲಿ ನ್ಯೂಟ್ರಲ್‌ಗೆ ಬಿಡುವುದು. 60ರಿಂದ 50ಕ್ಕೆ ಎಷ್ಟು ಸೆಕೆಂಡ್, 30ರಿಂದ 20ಕ್ಕೆ ಎಷ್ಟು ಎಂದು ಎರಡೂ ದಿಕ್ಕಿನಲ್ಲಿ ಬರೆದುಕೊಂಡು ಸರಾಸರಿ ತೆಗೆಯಬೇಕು. ಮೇಲಿನ ವೇಗದಲ್ಲಿ ಗಾಳಿಯ ತಡೆ ಕಾಣುತ್ತದೆ, ಕೆಳಗಿನದರಲ್ಲಿ ಟೈರು, ಬೇರಿಂಗು, ಬ್ರೇಕಿನ ಹಿಡಿತ. ಹೆಚ್ಚು ಸೆಕೆಂಡ್ ಹಿಡಿದಷ್ಟೂ ತಡೆ ಕಡಿಮೆ. ನನಗೆ ಸಿಕ್ಕಿದ್ದು 11 ಮತ್ತು 17 ಸೆಕೆಂಡ್.

30ರಿಂದ 20ಕ್ಕೆ 17 ಸೆಕೆಂಡೇ ಎಂದರೆ ಎಲ್ಲೋ ಹಿಡಿಯುತ್ತಿದೆ. ನಿಲ್ಲಿಸಿದ ಕೂಡಲೇ ಚಕ್ರದ ರಿಮ್ ಮುಟ್ಟಿ ನೋಡಿದರೆ ಮುಂದಿನ ಎಡಗಡೆಯದು ಮಾತ್ರ ಸುಡುತ್ತಿತ್ತು. ಬ್ರೇಕ್ ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಪಿನ್ ತುಕ್ಕು ಹಿಡಿದು ಪ್ಯಾಡ್ ಹಿಂದೆ ಸರಿಯುತ್ತಿರಲಿಲ್ಲ. ಪಿನ್ ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ, ಕಡಿಮೆ ಉರುಳು ತಡೆಯ ಟೈರ್ ಹಾಕಿ 36 ಪಿಎಸ್‌ಐ ಗಾಳಿ ತುಂಬಿದ ಮೇಲೆ 25 ಸೆಕೆಂಡ್ ಬಂತು. ಗಾಳಿಯನ್ನು 40 ಪಿಎಸ್‌ಐ ದಾಟಿಸಿಯೂ ನೋಡಿದೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಜಾರಿತು, ಟೈರಿನ ನಡುಭಾಗ ಬೇಗ ಸವೆಯಿತು. ಮಾಡಬೇಡಿ.

ಗಾಳಿಯ ತಡೆ ತಗ್ಗಿಸಲು ಗಾಡಿಯ ಅಡಿಭಾಗಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಮೊದಲನೆಯದನ್ನು ಕೇಬಲ್ ಟೈಯಲ್ಲಿ ಕಟ್ಟಿದ್ದೆ, 70ರ ವೇಗದಲ್ಲಿ ಪಟಪಟ ಹೊಡೆದು ಹರಿದುಹೋಯಿತು. ಹಾಳೆಯ ಮುಂದಿನ ಅಂಚು ಬಂಪರಿನ ಕೆಳ ಅಂಚಿನ ಮೇಲೆ, ಒಳಬದಿಗೆ ಸಿಕ್ಕಿಕೊಂಡಿರಬೇಕು, ಅಗಲ ವಾಷರ್ ಹಾಕಿ ಬೋಲ್ಟ್ ಬಿಗಿಯಬೇಕು. ಹಿಂದಿನ ಅಂಚನ್ನು ಎಷ್ಟು ಮೇಲಕ್ಕೆ ಎತ್ತಬೇಕು ಎಂಬುದನ್ನು ತಿಂಗಳುಗಟ್ಟಲೆ ತಿದ್ದಿ ಕಂಡುಕೊಂಡಿದ್ದೇನೆ, ಅದು ನನ್ನಲ್ಲೇ ಇರಲಿ. ಗ್ರಿಲ್ ಪೂರ್ತಿ ಮುಚ್ಚಿದಾಗ ಏರಿನಲ್ಲಿ ಕಾಂಟ್ರೋಲರ್ (ಮೋಟಾರಿಗೆ ಹೋಗುವ ಕರೆಂಟ್ ನಿಯಂತ್ರಿಸುವ ಪೆಟ್ಟಿಗೆ) ಕಾದು ಕರೆಂಟ್ ಕಡಿತ ಮಾಡಿತು. ಅಂಗೈ ಅಗಲದ ಕಿಂಡಿ ಬಿಟ್ಟು, ಆ ಗಾಳಿಯನ್ನು ನೇರ ಅದರ ಬಿಸಿ ಹೊರಹಾಕುವ ಹೀಟ್‌ಸಿಂಕಿಗೆ ತಿರುಗಿಸಿದ ಮೇಲೆ ಸರಿಹೋಯಿತು. 60–50ರ ಸಮಯ 15 ಸೆಕೆಂಡಿಗೆ ಏರಿತು. ಇಷ್ಟಕ್ಕೆಲ್ಲ ಖರ್ಚು ಒಟ್ಟು ಮೊತ್ತದ ಹತ್ತನೇ ಒಂದು ಪಾಲೂ ಆಗಲಿಲ್ಲ. ಬ್ಯಾಟರಿಯೊಂದೇ ಅರ್ಧ ನುಂಗಿತು.

ಬ್ಯಾಟರಿಗೆ 100 ಎಎಚ್‌ನ 32 ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್, ಸಾಲಾಗಿ. ತೂಕ 65 ಕೆಜಿ. ಪೂರ್ಣ ಚಾರ್ಜ್ 116.8 ವೋಲ್ಟ್, ನನ್ನ ಹಳೆ 96 ವೋಲ್ಟ್ ಕಾಂಟ್ರೋಲರ್ 120ರವರೆಗೆ ತಾಳುವುದರಿಂದ ಅದೇ ನಡೆಯಿತು. ಮೊದಲ ಕರೆಂಟಿನ ಹೊಡೆತ ತಡೆಯುವ ಪ್ರೀಚಾರ್ಜ್ ರೆಸಿಸ್ಟರ್ ಇಲ್ಲದೆ ಆನ್ ಮಾಡಿ ಒಂದು ಕಾಂಟ್ಯಾಕ್ಟರ್ (ಬ್ಯಾಟರಿಯ ದೊಡ್ಡ ಸ್ವಿಚ್ಚು) ಬೆಸೆದುಹೋಗಿತ್ತು. 100 ಓಮ್, 25 ವ್ಯಾಟಿನದು ಹಾಕಿ, ನಾಲ್ಕೈದು ಸೆಕೆಂಡ್ ಬಿಟ್ಟು ಕಾಂಟ್ಯಾಕ್ಟರ್ ಆನ್ ಮಾಡಿ. ಫ್ಯೂಸು, ಕಾಂಟ್ಯಾಕ್ಟರ್ ಎರಡೂ ಡಿಸಿಯವೇ ಆಗಿರಲಿ; ಎಸಿಯದರಲ್ಲಿ ಕಿಡಿ ಆರುವುದಿಲ್ಲ.

ಹೆಚ್ಚು ಕಾಡಿದ್ದು ಬಸ್‌ಬಾರ್, ಅಂದರೆ ಸೆಲ್ಲುಗಳನ್ನು ಜೋಡಿಸುವ ಲೋಹದ ಪಟ್ಟಿ. 100 ಆಂಪ್ ಎಳೆಯುವಾಗ ಪ್ರತಿ ಜೋಡಣೆಯ ಮೇಲೆ ಮೀಟರ್ ಇಟ್ಟರೆ ಉಳಿದವೆಲ್ಲ 10 ಮಿಲಿವೋಲ್ಟಿನ ಒಳಗಿದ್ದವು, ಒಂದು ಮಾತ್ರ 80. ಪಕ್ಕದ ಇನ್ಸುಲೇಷನ್ ಹೊದಿಕೆ ಆಗಲೇ ಕಂದುಬಣ್ಣಕ್ಕೆ ತಿರುಗಿತ್ತು. ಅಲ್ಯೂಮಿನಿಯಂ ಟರ್ಮಿನಲ್ ಮೇಲಿನ ಆಕ್ಸೈಡ್ ಪದರ ಉಜ್ಜಿ, ತಕ್ಷಣ ಆಕ್ಸೈಡ್ ತಡೆಯುವ ಪೇಸ್ಟ್ ಬಳಿದು, ಟಾರ್ಕ್ ರೆಂಚಿನಲ್ಲಿ ಬಿಗಿದ ಮೇಲೆ 8ಕ್ಕೆ ಬಂತು. ಚಾರ್ಜನ್ನು 90 ಶೇಕಡಕ್ಕೇ ನಿಲ್ಲಿಸುತ್ತೇನೆ. ತುಂಬಿದ ಪ್ಯಾಕಿನಲ್ಲಿ ಇಳಿಜಾರಿಗೆ ಹೋದರೆ ರೀಜನ್ ಕರೆಂಟಿಗೆ (ವೇಗ ಇಳಿಸುವಾಗ ಮೋಟಾರು ವಾಪಸ್ ಕಳಿಸುವುದಕ್ಕೆ) ಜಾಗವಿಲ್ಲದೆ ಬ್ಯಾಟರಿ ಕಾಯುವ ಬಿಎಂಎಸ್ ಕಡಿದುಬಿಡುತ್ತದೆ.

ಹೈಡ್ರೋಜನ್ನಿನ ಲೆಕ್ಕವನ್ನೂ ಹಾಕಿದ್ದೆ: ನೀರು ಒಡೆದು, ಅನಿಲ ಒತ್ತಿ ತುಂಬಿ, ಫ್ಯೂಯೆಲ್ ಸೆಲ್ಲಿನಲ್ಲಿ ಮತ್ತೆ ಕರೆಂಟ್ ಮಾಡುವಷ್ಟರಲ್ಲಿ 10 ಯೂನಿಟ್ಟಿಗೆ ಚಕ್ರಕ್ಕೆ ಸಿಗುವುದು ಮೂರರ ಸುತ್ತಮುತ್ತ. ಅಲ್ಲಿಗೆ ಬಿಟ್ಟೆ. ಕಾರಿನ ಮಾಡಿನ ಮೇಲೆ 300 ವ್ಯಾಟ್ ಸೋಲಾರ್ ಪ್ಯಾನೆಲ್ ಮಾತ್ರ ಹಾಕಿಯೇ ನೋಡಿದೆ. ಚೆನ್ನಾಗಿ ಬಿಸಿಲು ಬಿದ್ದ ದಿನ ಒಂದು ಯೂನಿಟ್, ಅಂದರೆ 11–12 ಕಿ.ಮೀ. ಆದರೆ ಗಾಡಿಯನ್ನು ದಿನವಿಡೀ ಬಿಸಿಲಲ್ಲೇ ನಿಲ್ಲಿಸಬೇಕು, ಎತ್ತರದ ಫ್ರೇಮಿನಿಂದ ಉರುಳು ಸಮಯದಲ್ಲಿ ಒಂದು ಸೆಕೆಂಡ್ ಹೋಯಿತು. ಬಿಚ್ಚಿ ಶೆಡ್ಡಿನ ಮೇಲೆ ಓರೆಯಾಗಿ ಕೂರಿಸಿದ್ದೇನೆ. ಅದೇ ಪ್ಯಾನೆಲ್ ಅಲ್ಲಿ ತಣ್ಣಗಿದ್ದು ಹೆಚ್ಚು ಕೊಡುತ್ತಿದೆ.