ಹಳೆಯ ಡೀಸೆಲ್ ಕಾರಿನ ಎಳೆತ ಕುಂದಿದಾಗ: ಟರ್ಬೊ ಬದಲಿಸುವ ಮೊದಲು ನೋಡಬೇಕಾದವು

ಹತ್ತು ಹನ್ನೆರಡು ವರ್ಷ ಓಡಿದ ಡೀಸೆಲ್ ಕಾರನ್ನು ಪಿಕಪ್ ಇಲ್ಲವೆಂದು ಗ್ಯಾರೇಜಿಗೆ ಒಯ್ದರೆ ಮೊದಲು ಕೇಳಿಬರುವ ಮಾತು ಸಾಮಾನ್ಯವಾಗಿ ‘ಟರ್ಬೊ ಹೋಗಿದೆ’ ಎಂಬುದು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಈ ಟರ್ಬೊ ಕೆಡುವುದುಂಟು, ಇಲ್ಲವೆನ್ನಲಾಗದು. ಆದರೆ ಅದಕ್ಕಿಂತ ಮೊದಲು ಕೆಡುವುದು, ಕಡಿಮೆ ಖರ್ಚಿನಲ್ಲಿ ಸರಿಹೋಗುವುದು ಅದರ ಸುತ್ತಲಿನ ರಬ್ಬರ್ ಹೋಸ್, ಫಿಲ್ಟರ್ ಮತ್ತು ಸೆನ್ಸರ್‌ಗಳು. ಆದ್ದರಿಂದ ಪರೀಕ್ಷೆ ಅಗ್ಗದ ಭಾಗದಿಂದ ಶುರುವಾಗಿ ದುಬಾರಿ ಭಾಗದ ಕಡೆಗೆ ಸಾಗಬೇಕು. ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ನಮ್ಮ ರಸ್ತೆಗಳಲ್ಲಿ ಹೇರಳವಾಗಿರುವ, ಫಿಯಟ್ ಮೂಲದ 1248 ಸಿಸಿ ಮಲ್ಟಿಜೆಟ್ ಎಂಜಿನ್. ಮಾರುತಿಯ ಸ್ವಿಫ್ಟ್, ಡಿಜೈರ್, ರಿಟ್ಜ್‌ಗಳಲ್ಲಿ ಅದು ಡಿಡಿಐಎಸ್ ಎಂಬ ಹೆಸರಿನಲ್ಲಿ, ಟಾಟಾದ ವಿಸ್ಟಾ ಮತ್ತು ಮಾಂಝಾಗಳಲ್ಲಿ ಕ್ವಾಡ್ರಾಜೆಟ್ ಎಂಬ ಹೆಸರಿನಲ್ಲಿ ಬಂದಿತು. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಜಾರಿಗೆ ಬಂದಾಗ ಮಾರುತಿ ಡೀಸೆಲ್ ಕಾರುಗಳ ತಯಾರಿಕೆಯನ್ನೇ ನಿಲ್ಲಿಸಿದ್ದರಿಂದ, ಈ ಎಂಜಿನ್ನಿನ ಸ್ವಿಫ್ಟ್‌ಗಳಲ್ಲಿ ತೀರಾ ಹೊಸದೂ ಈಗ ಹಳೆಯದೇ.

ಬಾನೆಟ್ ತೆರೆಯುವ ಮೊದಲು ದೋಷ ಎಂಜಿನ್ನಿನಲ್ಲೇ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಆರ್‌ಪಿಎಂ ಮುಳ್ಳು ಏರಿ, ವೇಗ ಮಾತ್ರ ಅದೇ ಪ್ರಮಾಣದಲ್ಲಿ ಏರದಿದ್ದರೆ ಕ್ಲಚ್ ಸವೆದು ಜಾರುತ್ತಿದೆ ಎಂದರ್ಥ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರದ ಡಿಸ್ಕ್ ಭಾಗ ಮಾತ್ರ ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಕೈಯನ್ನು ಹತ್ತಿರ ಒಯ್ದು ಬಿಸಿ ಅರಿಯಬೇಕೇ ಹೊರತು ಮುಟ್ಟಬಾರದು.

ನಂತರ ಗಮನಿಸಬೇಕಾದದ್ದು ಹೊಗೆ. ಒತ್ತಿದಾಗ ಕಪ್ಪು ಹೊಗೆ ಬಂದರೆ ಡೀಸೆಲ್ ಸಿಗುತ್ತಿದೆ, ಅದಕ್ಕೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಹೊಗೆಯೇ ಇಲ್ಲದೆ ಎಳೆತ ಕಡಿಮೆಯಾಗಿದ್ದರೆ ಡೀಸೆಲ್ ಸಾಕಷ್ಟು ಬರುತ್ತಿಲ್ಲ, ಇಲ್ಲವೇ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ತಾನೇ ಶಕ್ತಿಯನ್ನು ಮಿತಿಗೊಳಿಸಿದೆ. ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಸರಿಯಾಗಿ ಓಡಿ, ಒಂದು ಏರು ಹತ್ತುವಷ್ಟರಲ್ಲಿ ಮತ್ತೆ ಸತ್ತಂತಾದರೆ ಬಹುಮಟ್ಟಿಗೆ ಎರಡನೆಯದೇ ಕಾರಣ.

ಈ ಹಂತದಲ್ಲಿ ಇಸಿಯು ದಾಖಲಿಸಿದ ದೋಷದ ಕೋಡ್‌ಗಳನ್ನೂ ಸೆನ್ಸರ್‌ಗಳ ಅಂಕಿಗಳನ್ನೂ ಮೊಬೈಲಿನಲ್ಲಿ ತೋರಿಸುವ ಒಂದು ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಬಹಳ ಉಪಯೋಗಕ್ಕೆ ಬರುತ್ತದೆ. ಪಿ0299 ಎಂದರೆ ಟರ್ಬೊ ಒತ್ತಡ ಸಾಲದು, ಪಿ0087 ಎಂದರೆ ಇಂಜೆಕ್ಟರ್‌ಗಳಿಗೆ (ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ಭಾಗಗಳಿಗೆ) ಡೀಸೆಲ್ ಹಂಚುವ ‘ರೈಲ್’ ಎಂಬ ಪೈಪಿನಲ್ಲಿ ಒತ್ತಡ ಸಾಲದು. ಕೋಡ್ ಹೇಳುವುದು ಪರಿಣಾಮವನ್ನು ಮಾತ್ರ, ಕೆಟ್ಟ ಭಾಗವನ್ನಲ್ಲ ಎಂಬುದನ್ನು ಮರೆಯಬಾರದು; ಪಿ0299 ಕಂಡ ಕೂಡಲೇ ಟರ್ಬೊಗೆ ಆರ್ಡರ್ ಕೊಡುವುದು ದುಡುಕು. ಕೋಡ್‌ಗಿಂತ ಓಡುವಾಗಿನ ಅಂಕಿಗಳೇ ಹೆಚ್ಚು ಹೇಳುತ್ತವೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಇದ್ದಾಗ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ತೋರಿಸಬೇಕಾದದ್ದು ಊರಿನ ವಾಯುಭಾರವನ್ನು: ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 91. ಇದರಿಂದ ಬಹಳ ದೂರವಿದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಅಥವಾ ಅದರ ತುದಿಗೆ ಮಸಿ ಮೆತ್ತಿದೆ. ಸೆನ್ಸರ್ ಸರಿಯಿದ್ದರೆ ವಾಹನ ಸಂಚಾರವಿಲ್ಲದ ಏರುರಸ್ತೆಯಲ್ಲಿ ಮೂರನೇ ಗೇರಿನಲ್ಲಿ 2000 ಆರ್‌ಪಿಎಂ ದಾಟಿಸಿ ಪೂರ್ತಿ ಒತ್ತಿ, ಪಕ್ಕದಲ್ಲಿ ಕುಳಿತವರಿಗೆ ಅಂಕಿ ನೋಡಲು ಹೇಳಿ. ಅದು 180ರ ಆಚೆಗೆ ಏರಬೇಕು. 120, 130ರಲ್ಲೇ ನಿಂತರೆ ಟರ್ಬೊ ಒತ್ತಿದ ಗಾಳಿ ಎಂಜಿನ್ ಸೇರುತ್ತಿಲ್ಲ, ಅಥವಾ ಟರ್ಬೊ ಒತ್ತುತ್ತಲೇ ಇಲ್ಲ.

ಗಾಳಿ ಸೋರಿಕೆಯೇ ಇಂಥ ಕಾರುಗಳಲ್ಲಿ ನಾನು ಮೊದಲು ಅನುಮಾನಿಸುವ ದೋಷ. ಟರ್ಬೊದಿಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್ನಿನ ಇನ್‌ಟೇಕ್‌ಗೆ ಹೋಗುವ ರಬ್ಬರ್ ಹೋಸ್‌ಗಳು ವರ್ಷಗಟ್ಟಲೆ ಬಿಸಿ ಮತ್ತು ಆಯಿಲ್ ಆವಿಗೆ ಸಿಕ್ಕಿ ಗಡುಸಾಗಿ ಬಿರಿಯುತ್ತವೆ. ಎಂಜಿನ್ ಐಡಲ್‌ನಲ್ಲಿರುವಾಗ ಬಿರುಕು ಮುಚ್ಚಿಕೊಂಡಿರುತ್ತದೆ. ಒತ್ತಡ ಏರಿದಾಗ ಮಾತ್ರ ಬಾಯಿ ಬಿಟ್ಟು ಬುಸುಗುಡುತ್ತದೆ. ಹೀಗಾಗಿ ಗ್ಯಾರೇಜಿನಲ್ಲಿ ನಿಲ್ಲಿಸಿ ಮೇಲಿನಿಂದ ನೋಡಿದರೆ ಹೋಸ್ ಸರಿಯಾಗಿಯೇ ಕಾಣುತ್ತದೆ. ಎಂಜಿನ್ ತಣ್ಣಗಾದ ಮೇಲೆ ಒಂದೊಂದೇ ಹೋಸನ್ನು ಹಿಡಿದು ಬಾಗಿಸಿ, ಕ್ಲಿಪ್ಪಿನ ಅಂಚಿನಲ್ಲಿ ಮತ್ತು ಕೆಳಮೈಯಲ್ಲಿ ಟಾರ್ಚ್ ಬಿಟ್ಟು ನೋಡಿ. ಸುತ್ತಲೂ ಒಣ ಧೂಳಿದ್ದು ಒಂದೇ ಕಡೆ ಅದು ಆಯಿಲ್ ಕುಡಿದು ಕಪ್ಪಾಗಿ ಅಂಟಂಟಾಗಿದ್ದರೆ, ಅಲ್ಲಿ ಬೆರಳಾಡಿಸಿದಾಗ ಬಿರುಕು ಸಿಗುವ ಸಂಭವ ಹೆಚ್ಚು. ಟೇಪ್ ಸುತ್ತಿದರೆ ಮೊದಲ ಘಾಟಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಹೋಸ್ ಬದಲಿಸುವುದೇ ಸರಿ. ಕ್ಲಿಪ್ ಕೂಡ ಹೊಸದನ್ನೇ ಹಾಕಿಸಿ. ಇಂಟರ್‌ಕೂಲರ್‌ನ ಅಂಚುಗಳನ್ನೂ ಇದೇ ಕಣ್ಣಿನಿಂದ ನೋಡಬೇಕು.

ಏರ್ ಫಿಲ್ಟರ್ ನೋಡಲು ಎರಡು ನಿಮಿಷ ಸಾಕು. ಡೀಸೆಲ್ ಫಿಲ್ಟರ್ ಹೆಚ್ಚು ಗಮನ ಬೇಡುತ್ತದೆ, ಏಕೆಂದರೆ ಅದು ಕಟ್ಟಿಕೊಂಡಾಗ ಕಾರು ಊರೊಳಗೆ ಸರಿಯಾಗಿದ್ದು ಹೆದ್ದಾರಿಯ ವೇಗದಲ್ಲಿ ಮಾತ್ರ ಕೈಕೊಡುತ್ತದೆ. ಅದರ ತಳದ ಸ್ಕ್ರೂ ಸಡಿಲಿಸಿ ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಗೆ ಇಳಿಸಿ ಇಟ್ಟರೆ, ನೀರಿದ್ದಲ್ಲಿ ಅಡಿಯಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಫಿಲ್ಟರ್ ಬದಲಿಸಿಯೂ ರೈಲ್ ಒತ್ತಡ ಇಸಿಯು ಬಯಸಿದ ಮಟ್ಟಕ್ಕೆ ಏರದಿದ್ದರೆ ಇಂಜೆಕ್ಟರ್‌ಗಳ ರಿಟರ್ನ್ ಪರೀಕ್ಷೆ ಮಾಡಿಸಬೇಕು: ಪ್ರತಿಯೊಂದರಿಂದ ಟ್ಯಾಂಕಿಗೆ ಮರಳುವ ಡೀಸೆಲನ್ನು ಬೇರೆ ಬೇರೆ ಬಾಟಲಿಗಳಿಗೆ ಬಿಟ್ಟಾಗ ಯಾವುದು ಬೇಗ ತುಂಬುತ್ತದೆಯೋ ಆ ಇಂಜೆಕ್ಟರ್ ಒಳಗೇ ಸೋರುತ್ತಿದೆ. ಆದರೆ ಎಂಜಿನ್ ಓಡುತ್ತಿರುವಾಗ ರೈಲ್‌ನಿಂದ ಇಂಜೆಕ್ಟರ್‌ಗೆ ಹೋಗುವ ಉಕ್ಕಿನ ಪೈಪಿನ ನಟ್ಟನ್ನು ಎಂದಿಗೂ ಸಡಿಲಿಸಬಾರದು. ಹಳೆಯ ಲಾರಿಗಳಲ್ಲಿ ಆ ಅಭ್ಯಾಸವಿದ್ದ ಮೆಕಾನಿಕ್‌ಗಳು ಇದನ್ನು ಇಲ್ಲಿಯೂ ಮಾಡಲು ಹೋಗುತ್ತಾರೆ. ಕಾಮನ್ ರೈಲ್‌ನಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ, ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಅಂಥ ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಲೇಬೇಕು.

ಸುಟ್ಟ ಹೊಗೆಯ ಒಂದಂಶವನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ಉಳಿದರೆ ಸುಟ್ಟ ಹೊಗೆ ಮತ್ತೆ ಒಳಗೆ ಸೇರಿ ಕಪ್ಪು ಹೊಗೆ ಮತ್ತು ಮಂದಗತಿ ಎರಡೂ ಬರುತ್ತವೆ. ಬಿಚ್ಚಿ, ಕಾರ್ಬನ್ ಕ್ಲೀನರ್‌ನಿಂದ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ ಕೂಡಿಸಿದರೆ ಬಹಳ ಸಲ ಸಾಕಾಗುತ್ತದೆ. ತಗಡು ಹಾಕಿ ಅದನ್ನು ಮುಚ್ಚಿಬಿಡಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅದರಿಂದ ವಿಷಾನಿಲ ಹೆಚ್ಚುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಒತ್ತಡ ಏರದಿದ್ದರೆ ಟರ್ಬೊ ಸರದಿ. 75 ಅಶ್ವಶಕ್ತಿಯ ಮಾದರಿಯಲ್ಲಿ ವೇಸ್ಟ್‌ಗೇಟ್ ಎಂಬ ಕವಾಟ, 90ರ ಮಾದರಿಯಲ್ಲಿ ಒಳಗಿನ ಅಲಗುಗಳು ಒತ್ತಡವನ್ನು ಹಿಡಿತದಲ್ಲಿಡುತ್ತವೆ. ಇವುಗಳ ಸರಳು ತುಕ್ಕಿನಿಂದ ಬಿಗಿದುಕೊಂಡಿದೆಯೇ, ಇವುಗಳಿಗೆ ಹೋಗುವ ನಳಿಕೆ ಸೀಳಿದೆಯೇ ನೋಡಿ. ನಂತರ ಏರ್ ಫಿಲ್ಟರ್ ಕಡೆಯಿಂದ ಟರ್ಬೊಗೆ ಬರುವ ಹೋಸ್ ತೆಗೆದು, ಎಂಜಿನ್ ನಿಂತಿರುವಾಗ, ಟರ್ಬೊದ ಶಾಫ್ಟ್ ತುದಿಯನ್ನು ಅಲ್ಲಾಡಿಸಿ. ಅಕ್ಕಪಕ್ಕಕ್ಕೆ ತುಸು ಆಟ ಸಹಜ. ಹಿಂದಕ್ಕೂ ಮುಂದಕ್ಕೂ ಸರಿದರೆ ಅಥವಾ ಟರ್ಬೊ ಒಳಗಿನ ಚಕ್ರ ಅದರ ಗೋಡೆಗೆ ಉಜ್ಜಿದ ಗುರುತಿದ್ದರೆ ಟರ್ಬೊ ನಿಜಕ್ಕೂ ಮುಗಿದಿದೆ. ಆಗಲೂ ಅದು ಏಕೆ ಕೆಟ್ಟಿತೆಂದು ತಿಳಿಯದೆ ಹೊಸದನ್ನು ಕೂಡಿಸಬೇಡಿ: ಟರ್ಬೊಗೆ ಆಯಿಲ್ ತರುವ ಪೈಪ್ ಕಟ್ಟಿಕೊಂಡಿದ್ದರೆ ಹೊಸ ಟರ್ಬೊಗೂ ಅದೇ ಗತಿ. ಆ ಪೈಪ್, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿ, ಇಂಟರ್‌ಕೂಲರ್‌ನಲ್ಲಿ ನಿಂತ ಆಯಿಲನ್ನು ಪೂರ್ತಿ ಬಸಿದು ತೆಗೆಯಿರಿ. ಅದು ಉಳಿದರೆ ಎಂಜಿನ್ ಡೀಸೆಲಿಗೆ ಬದಲು ಆಯಿಲ್ ಉರಿಸುತ್ತ, ಕೀ ಆಫ್ ಮಾಡಿದರೂ ನಿಲ್ಲದೆ ಭೋರ್ಗರೆದು ಓಡಬಹುದು. ಹಾಗಾದರೆ ಬ್ರೇಕ್ ಪೂರ್ತಿ ಒತ್ತಿ, ಐದನೇ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ನನ್ನು ಬಲವಂತವಾಗಿ ನಿಲ್ಲಿಸಬೇಕು.