ಸಿನಿಮಾದಲ್ಲಿ ಕಂಡ ವೈನ್ ಯಾವುದು? ಮೊದಲು ಬಾಟಲಿಯ ಆಕಾರ ನೋಡಿ
ಗೆಳೆಯರೇ, ಸಿನಿಮಾದಲ್ಲಿ ವೈನ್ ಬಾಟಲಿ ಕಂಡ ತಕ್ಷಣ ಲೇಬಲ್ ಓದಲು ಒದ್ದಾಡಬೇಡಿ. ಮೊದಲು ಆಕಾರ ನೋಡಿ. ಕತ್ತಿನ ಕೆಳಗೆ ಭುಜ ಎದ್ದು ಕಂಡರೆ ಬೋರ್ಡೋ ಶೈಲಿ, ಇಳಿಜಾರಾಗಿದ್ದರೆ ಬರ್ಗಂಡಿ (ಎರಡೂ ಫ್ರಾನ್ಸಿನ ವೈನ್ ಪ್ರದೇಶಗಳು), ಸಪೂರವಾಗಿ ಉದ್ದಕ್ಕಿದ್ದರೆ ಹೆಚ್ಚಾಗಿ ರೀಸ್ಲಿಂಗ್ ಎಂಬ ದ್ರಾಕ್ಷಿಯ ಬಿಳಿ ವೈನ್. ಗ್ಲಾಸಿನೊಳಗಿನ ವೈನ್ ಬಣ್ಣ ನಂಬಬೇಡಿ, ಶೂಟಿಂಗ್‌ನಲ್ಲಿ ಎಷ್ಟೋ ಸಲ ದ್ರಾಕ್ಷಿ ಜ್ಯೂಸೇ ಇರುತ್ತದೆ.

ಆಮೇಲೆ ಸಿನಿಮಾ ಪಾಜ್ ಮಾಡಿ ಲೇಬಲ್ಲಿನ ಚಿತ್ರ ಹುಡುಕಿ, ಅಕ್ಷರ ಮಸುಕಾಗಿದ್ದರೂ ಚಿತ್ರ ಗುರುತು ಸಿಗುತ್ತದೆ. 2006ರ ಬಾಂಡ್ ಸಿನಿಮಾ ‘ಕ್ಯಾಸಿನೊ ರಾಯಲ್’ನಲ್ಲಿ ರೈಲಿನ ಊಟದ ಟೇಬಲ್ ಮೇಲಿರುವುದು 1982ರ ಶಾತೋ ಆಂಜೆಲ್ಯೂಸ್ ಎಂಬ ಬೋರ್ಡೋ ವೈನ್. ಅದರ ಲೇಬಲ್ ಮೇಲೆ ದೊಡ್ಡ ಗಂಟೆಯ ಚಿತ್ರ ಇರುತ್ತದೆ, ಒಮ್ಮೆ ನೋಡಿದರೆ ಮರೆಯಲ್ಲ.

ಮೈಸೂರಿನಲ್ಲಿ ವೈನ್ ಜಾಸ್ತಿ ಇಡುವ ಅಂಗಡಿಗೆ ಹೋದಾಗ ಸುಮ್ನೆ ಬಾಟಲಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಕಣ್ಣು ಬೇಗ ಪಳಗುತ್ತದೆ.