ಗುಜರಿಯ ವಾಲ್ವ್ ಸ್ಪ್ರಿಂಗ್: ಎಂಜಿನ್‌ಗೆ ಹಾಕುವ ಮುನ್ನ

ಫೆಬ್ರುವರಿ, ಮಾರ್ಚ್ ಬಂತೆಂದರೆ ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಕಣ್ಣು ಮೋಡದ ಮೇಲೆ. ಹೂಮಳೆ ಕೈಕೊಟ್ಟರೆ ರೋಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಬೇಕು, ಕೆರೆಯ ದಡದ ಡೀಸೆಲ್ ಪಂಪು ಹಗಲು ರಾತ್ರಿ ಓಡಬೇಕು. ವಾಲ್ವ್ ಸ್ಪ್ರಿಂಗ್ ತುಂಡಾಗುವುದು ಸರಿಯಾಗಿ ಅದೇ ಹೊತ್ತಿಗೆ. ಎಂಜಿನ್ ತೀರಾ ಹಳೆಯದಾದರೆ ಹೊಸ ಸ್ಪ್ರಿಂಗ್ ಸಿಗುವುದಿಲ್ಲ. ಗುಜರಿ ಅಂಗಡಿಯ ಇನ್ನೊಂದು ಹೆಡ್ಡಿನಿಂದ (ಎಂಜಿನ್ನಿನಲ್ಲಿ ವಾಲ್ವುಗಳು ಕೂರುವ ಭಾಗ) ಬಿಚ್ಚಿ ತರಬೇಕಾಗುತ್ತದೆ. ತೋಟದ ಹಳೆಯ ಪೆಟ್ರೋಲ್ ಜೀಪಿನ ಕಥೆಯೂ ಅಷ್ಟೇ. ಹೊಸದು ಸಿಗುವುದಾದರೆ ಹಳೆಯದರ ತಂಟೆಗೇ ಹೋಗಬೇಡಿ. ಸಿಗದವರಿಗಾಗಿ ಈ ಬರಹ.

ನಿಮಿಷಕ್ಕೆ 1500 ಸುತ್ತು ತಿರುಗುವ ಫೋರ್ ಸ್ಟ್ರೋಕ್ ಪಂಪ್ ಎಂಜಿನ್ನಿನಲ್ಲಿ ಗಾಳಿ ಒಳಬಿಡುವ, ಹೊಗೆ ಹೊರಬಿಡುವ ಒಂದೊಂದು ವಾಲ್ವ್ ಎರಡು ಸುತ್ತಿಗೆ ಒಮ್ಮೆಯಂತೆ ನಿಮಿಷಕ್ಕೆ 750 ಬಾರಿ, ಗಂಟೆಗೆ 45,000 ಬಾರಿ ತೆರೆದು ಮುಚ್ಚುತ್ತದೆ. ಪ್ರತಿ ಸಲವೂ ಅದನ್ನು ಮುಚ್ಚುವುದು ಸ್ಪ್ರಿಂಗು. ಅದು ಸೋತರೆ ವಾಲ್ವ್ ಸರಿಯಾಗಿ ಕೂರದೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಸೋರುತ್ತದೆ. ಮುರಿದರೆ ವಾಲ್ವ್ ಪಿಸ್ಟನ್ನಿಗೆ ಬಡಿಯಬಹುದು. ಆಗ ಖರ್ಚು ಸ್ಪ್ರಿಂಗಿನದ್ದಲ್ಲ, ಹೆಡ್ಡು ಪಿಸ್ಟನ್ನುಗಳದ್ದು.

ಕೊಳ್ಳುವಾಗಲೇ ಸ್ಪ್ರಿಂಗು, ಅದರ ಮೇಲಿನ ಕ್ಯಾಪು, ಆ ಕ್ಯಾಪನ್ನು ವಾಲ್ವಿನ ಕಾಂಡಕ್ಕೆ ಹಿಡಿದಿಡುವ ಎರಡು ಹೋಳಿನ ಲಾಕು, ಮೂರನ್ನೂ ಒಂದೇ ವಾಲ್ವಿನಿಂದ ತೆಗೆದ ಜೊತೆಯಾಗಿ ಕೇಳಿ. ಬಣ್ಣದ ಡಬ್ಬಿಯಲ್ಲಿ ಹತ್ತು ಎಂಜಿನ್ನುಗಳ ಲಾಕುಗಳನ್ನು ಬೆರೆಸಿಟ್ಟವರಿಂದ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಮನೆಗೆ ತಂದ ಮೇಲೆ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ತಂತಿ ಬ್ರಷ್, ಎಮರಿ ಕಾಗದ ಹತ್ತಿರಕ್ಕೂ ಬರಬಾರದು. ಎಷ್ಟೋ ಸ್ಪ್ರಿಂಗುಗಳ ತಂತಿಯ ಮೈಗೆ ತಯಾರಿಕೆಯಲ್ಲಿಯೇ ಸಣ್ಣ ಉಕ್ಕಿನ ಗುಂಡುಗಳನ್ನು ಹೊಡೆದು ಬಿಗಿ ಕೊಟ್ಟಿರುತ್ತಾರೆ. ಉಜ್ಜಿದರೆ ಆ ಬಿಗಿ ಹೋಗುತ್ತದೆ, ಗೀರು ಉಳಿಯುತ್ತದೆ. ತುಕ್ಕು ಬಿಡಿಸಲು ಆ್ಯಸಿಡ್ ಬಳಸುವುದಂತೂ ಸಲ್ಲದು. ಅದರಿಂದ ಹುಟ್ಟುವ ಜಲಜನಕ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸುತ್ತದೆ.

ಈಗ ಬಿಸಿಲಿನಲ್ಲಿ ಹಿಡಿದು ನೋಡಿ. ಮಲೆನಾಡಿನ ಮಳೆಗಾಲವನ್ನು ಬಯಲಲ್ಲಿ ಕಳೆದ ಸ್ಪ್ರಿಂಗಿನ ಮೇಲೆ ತುಕ್ಕು ಇರದೆ ಇರುತ್ತದೆಯೇ? ಒರೆಸಿದರೆ ಹೋಗುವ ಕಲೆ ಇದ್ದರೆ ಪರವಾಗಿಲ್ಲ. ಉಗುರಿಗೆ ತಾಕುವ ಗುಳಿಯಿದ್ದರೆ ಮರುಯೋಚನೆ ಬೇಡ, ತಿರಸ್ಕರಿಸಿ. ಬಿರುಕು ಹುಟ್ಟುವುದೇ ಅಲ್ಲಿಂದ. ಸುರುಳಿಗಳ ನಡುವೆ ಚಪ್ಪಟೆಯಾಗಿ ಹೊಳೆಯುವ ಗುರುತು ಕಂಡರೆ ಅವು ಒಂದಕ್ಕೊಂದು ಬಡಿದುಕೊಂಡಿವೆ ಎಂದರ್ಥ. ಕೊನೆಯ ಸುರುಳಿಯ ತುದಿ ಪಕ್ಕದ ಸುರುಳಿಯನ್ನು ಮುಟ್ಟುವ ಜಾಗದಲ್ಲಿ ಬಿರುಕಿದೆಯೇ ಎಂದು ಭೂತಗಾಜು ಹಿಡಿದು ನೋಡಿ.

ಇನ್ನು ಅಳತೆ. ಸ್ಪ್ರಿಂಗನ್ನು ಗಾಜಿನ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಮೂಲೆಮಟ್ಟ ಇಟ್ಟು ನಿಧಾನವಾಗಿ ತಿರುಗಿಸಿ. ತಲೆಯ ಕಡೆ ವಾಲಿಕೆ ಸುಮಾರು 2 ಮಿಲಿಮೀಟರ್ ದಾಟಿದರೆ ಬೇಡ. ನಿಮ್ಮ ಎಂಜಿನ್ನಿನ ಕೈಪಿಡಿ ಬೇರೆ ಮಿತಿ ಹೇಳಿದ್ದರೆ ಅದೇ ಅಂತಿಮ. ಎತ್ತರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ.

ಬಹುಪಾಲು ಜನ ಇಲ್ಲಿಗೇ ನಿಲ್ಲಿಸುತ್ತಾರೆ. ತಪ್ಪು. ಎತ್ತರ ಸರಿಯಿದ್ದ ಮಾತ್ರಕ್ಕೆ ಬಲವೂ ಇದೆ ಎನ್ನಲಾಗದು. ಅದೇ ಮಾದರಿಯ, ಚೆನ್ನಾಗಿದೆ ಎಂದು ಗೊತ್ತಿರುವ ಒಂದು ಸ್ಪ್ರಿಂಗ್ ಇದ್ದರೆ, ಎರಡನ್ನೂ ತುದಿಗೆ ತುದಿ ಸೇರಿಸಿ, ನಡುವೆ ದಪ್ಪ ವಾಷರ್ ಇಟ್ಟು ಬೆಂಚ್ ವೈಸ್‌ನಲ್ಲಿ ಮೆಲ್ಲನೆ ಅಮುಕಿ. ಎರಡರ ಮೇಲೂ ಬೀಳುವ ಒತ್ತಡ ಒಂದೇ. ಸೋತದ್ದು ಹೆಚ್ಚು ಕುಗ್ಗುತ್ತದೆ. ಕನ್ನಡಕ ಹಾಕಿಕೊಳ್ಳಿ, ಮೇಲೆ ಗೋಣಿ ಹೊದೆಸಿ. ಚಿಮ್ಮಿದರೆ ಮುಖಕ್ಕೇ ಬರುತ್ತದೆ. ಗುಜರಿಯ ಸ್ಪ್ರಿಂಗುಗಳನ್ನೇ ಒಂದರ ಎದುರು ಒಂದು ಇಟ್ಟರೆ ಪ್ರಯೋಜನ ಕಡಿಮೆ, ಎಲ್ಲವೂ ಸಮವಾಗಿ ಸೋತಿರಬಹುದು. ಆಗ ಕಾಫಿ ತೂಗುವ ತಕ್ಕಡಿ ನೆರವಿಗೆ ಬರುತ್ತದೆ. ತಕ್ಕಡಿಯ ಮೇಲೆ ಸ್ಪ್ರಿಂಗ್ ನಿಲ್ಲಿಸಿ, ನಿಲುವು ಡ್ರಿಲ್ಲಿಂಗ್ ಯಂತ್ರದ ಹಿಡಿಯಿಂದ ಕೈಪಿಡಿ ಹೇಳಿದ ಎತ್ತರಕ್ಕೆ ಒತ್ತಿ, ಕಿಲೋ ಓದಿಕೊಳ್ಳಿ. ಡ್ರಿಲ್ ತಿರುಗಿಸಬಾರದು ಎಂದು ಬೇರೆ ಹೇಳಬೇಕಿಲ್ಲ. ಕೈಪಿಡಿಯ ಅಂಕಿಗಿಂತ ಶೇ 10ರಷ್ಟು ಕಡಿಮೆ ಬಂದರೆ ಆ ಸ್ಪ್ರಿಂಗಿನ ಆಯಸ್ಸು ಮುಗಿದಂತೆ. ಇಷ್ಟು ತಾಪತ್ರಯ ಬೇಡವೆನ್ನುವವರು ಎಂಜಿನ್ ರೀಬೋರ್ ಮಾಡುವ ಅಂಗಡಿಯಲ್ಲಿ ಸ್ಪ್ರಿಂಗ್ ಟೆಸ್ಟರ್ ಇದೆಯೇ ಎಂದು ವಿಚಾರಿಸಿ.

ಕ್ಯಾಪಿನ ತಳದಲ್ಲಿ ಸ್ಪ್ರಿಂಗ್ ಕೊರೆದ ಮೆಟ್ಟಿಲು ಬೆರಳಿಗೆ ಸಿಗಬಾರದು. ನಡುವಿನ ಇಳಿಜಾರು ತೂತಿನಲ್ಲಿ ಬಿರುಕು, ಕಿತ್ತ ಗುರುತು ಇರಬಾರದು. ಲಾಕಿನ ಒಳ ಏಣು ಚೂಪಾಗಿಯೇ ಇರಬೇಕು. ಎರಡು ಹೋಳುಗಳನ್ನೂ ಕ್ಯಾಪಿನೊಂದಿಗೆ ವಾಲ್ವಿನ ಕಾಂಡಕ್ಕೆ ಕೂರಿಸಿದಾಗ ಸಾಮಾನ್ಯವಾಗಿ ನಡುವೆ ಸಣ್ಣ ಸಂದು ಉಳಿಯುತ್ತದೆ. ಅಂಥ ಎಂಜಿನ್ನಿನಲ್ಲಿ ಸಂದು ಮುಚ್ಚಿಹೋಗಿದ್ದರೆ ಲಾಕು ಸವೆದಿದೆ, ಕಾಂಡವನ್ನು ಕಚ್ಚಿ ಹಿಡಿಯುವುದಿಲ್ಲ.

ಜೋಡಿಸುವಾಗ, ಒಂದು ಕಡೆ ಸುರುಳಿ ಒತ್ತಾಗಿದ್ದರೆ ಆ ಕಡೆ ಹೆಡ್ಡಿನತ್ತ ಬರಲಿ. ಸೋತ ಸ್ಪ್ರಿಂಗಿನ ಕೆಳಗೆ ವಾಷರ್ ಪೇರಿಸಿ ಬಿಗಿ ತರಿಸುವ ಜಾಣತನ ಬೇಡ. ವಾಲ್ವ್ ಪೂರ್ತಿ ತೆರೆದಾಗ ಸುರುಳಿಗಳು ಒಂದಕ್ಕೊಂದು ಅಂಟಿ ನಿಲ್ಲಬಹುದು. ಲಾಕು ಕೂರಿಸಿದ ಬಳಿಕ ಬಟ್ಟೆ ಹೊದೆಸಿ, ಕಾಂಡದ ತುದಿಗೆ ಮರದ ಸುತ್ತಿಗೆಯಿಂದ ಎರಡು ಏಟು ಕೊಡಿ. ಸರಿಯಾಗಿ ಕೂರದ ಲಾಕು ಇದ್ದರೆ ಆಗಲೇ ಹಾರಿ ಬಟ್ಟೆಯೊಳಗೆ ಬೀಳುತ್ತದೆ, ಕಾಫಿ ಕಣದಲ್ಲಿ ಹುಡುಕುವ ಪಾಡು ಬರುವುದಿಲ್ಲ.